ರಾಗಿ ಗೆದ್ದಿತು, ನರೆದಲೆಗ ಎಲ್ಲಿ ಹೋಯಿತು?

ಕನಕದಾಸರು ಅಂದ ತಕ್ಷಣ ನಮಗೆ ಮೊದಲು ನೆನಪಾಗೋದು ಒಂದು ಕಿಂಡಿ. ಕ್ಯಾಲೆಂಡರಿನಲ್ಲಿ, ಜಯಂತಿಯ ಬ್ಯಾನರಿನಲ್ಲಿ, ಶಾಲಾ ವಾರ್ಷಿಕೋತ್ಸವದ ನಾಟಕದಲ್ಲಿ ಎಲ್ಲ ಕಡೆ ಅದೇ ಚಿತ್ರ: ಹೆಗಲ ಮೇಲೆ ಕಂಬಳಿ, ಕೈಯಲ್ಲಿ ತಂಬೂರಿ, ಎದುರಿಗೆ ಬಿರಿದ ಗೋಡೆ, ಗೋಡೆಯಾಚೆ ತಿರುಗಿ ನಿಂತ ಕೃಷ್ಣ. 1960ರಲ್ಲಿ ಬಂದ 'ಭಕ್ತ ಕನಕದಾಸ' ಸಿನಿಮಾದಲ್ಲಿ ರಾಜ್‌ಕುಮಾರ್ ಆ ಪಾತ್ರ ಮಾಡಿದ ಮೇಲಂತೂ ಕನಕದಾಸರ ಮುಖ ಅಂದ್ರೆ ರಾಜ್‌ಕುಮಾರ್ ಮುಖ, ದನಿ ಅಂದ್ರೆ ಪಿ.ಬಿ. ಶ್ರೀನಿವಾಸ್ ದನಿ ಅಂತ ಎರಡು ಮೂರು ತಲೆಮಾರಿಗೆ ಗಟ್ಟಿಯಾಗಿ ಕೂತುಬಿಟ್ಟಿದೆ. ನನಗೆ ಅದರ ಮೇಲೆ ತಕರಾರಿಲ್ಲ. ಬಾಗಿಲು ತೆರೆಯಪ್ಪಾ ಅಂತ ಬೇಡಿಕೊಳ್ಳುವ ಆ ಹಾಡು ಎಫ್‌ಎಮ್‌ನಲ್ಲಿ ಬಂದರೆ ನಾನೂ ವಾಲ್ಯೂಮ್ ಜಾಸ್ತಿ ಮಾಡುವವನೇ.

ತಕರಾರು ಇರೋದು ಬೇರೆ. ಕಿಂಡಿಯದ್ದು ಕನಕದಾಸರ ಬಗ್ಗೆ ಬೇರೆಯವರು ಹೇಳಿಕೊಂಡು ಬಂದ ಕಥೆ. ಹೊರಗೆ ನಿಂತವನ ಕಷ್ಟ ಏನು ಅನ್ನೋದನ್ನ ಕನಕದಾಸರೇ ಕೂತು ಒಂದು ಕಥೆ ಮಾಡಿ ಬರೆದಿದ್ದಾರೆ, ಅದರ ಹೆಸರು 'ರಾಮಧಾನ್ಯ ಚರಿತೆ'. ಇದನ್ನ ನಾವು ಓದಿಲ್ಲ ಅಂತಲ್ಲ. "ರಾಗಿ ಅಕ್ಕಿ ಜಗಳ ಆಡಿದ್ವಂತೆ, ರಾಮ ರಾಗಿನೇ ದೊಡ್ಡದು ಅಂದನಂತೆ" ಅಂತ ಎರಡು ಸಾಲಿನಲ್ಲಿ ಎಲ್ಲರಿಗೂ ಗೊತ್ತು. ಆ ಎರಡು ಸಾಲಲ್ಲಿ ಮುಗಿಸಿಬಿಟ್ಟಿದ್ದೀವಿ ಅನ್ನೋದೇ ಸಮಸ್ಯೆ. ಮೇಲುಜಾತಿ ಕೀಳುಜಾತಿಯ ರೂಪಕ, ಕೊನೆಗೆ ಬಡವರ ಧಾನ್ಯಕ್ಕೆ ಜಯ, ಚಪ್ಪಾಳೆ. ಭಾಷಣಕ್ಕೆ ಇಷ್ಟು ಸಾಕು. ಆದರೆ ಕಾವ್ಯದ ಒಳಗೆ ನಡೆಯೋದು ಇಷ್ಟು ಸಲೀಸಾಗಿಲ್ಲ.

ಮೊದಲು ಬರೆದವರು ಯಾರು ಅಂತ ಸ್ವಲ್ಪ ನೋಡೋಣ. ಪರಂಪರೆ ಹೇಳುವ ಪ್ರಕಾರ ಕಾಲ 1509ರಿಂದ 1609. ಸರಿಯಾಗಿ ನೂರು ವರ್ಷ ಅನ್ನುವ ಲೆಕ್ಕದ ಮೇಲೆ ಜಗ್ಗಾಡೋದು ಬೇಡ, ಹದಿನಾರನೇ ಶತಮಾನ ಅಂತಿಟ್ಟುಕೊಳ್ಳೋಣ. ಇವತ್ತಿನ ಹಾವೇರಿ ಜಿಲ್ಲೆಯ ಬಾಡ ಹುಟ್ಟೂರು. ಕುರುಬ ಕುಲ, ತಂದೆ ಬೀರಪ್ಪ, ತಾಯಿ ಬಚ್ಚಮ್ಮ, ಮಗುವಿಗೆ ಇಟ್ಟ ಹೆಸರು ತಿಮ್ಮಪ್ಪ. ಬಂಕಾಪುರದ ಸೀಮೆಯಲ್ಲಿ ನಾಯಕನಾಗಿದ್ದ, ನೆಲ ಅಗೆದಾಗ ಹೊನ್ನು ಸಿಕ್ಕಿ ಕನಕನಾಯಕ ಅನ್ನಿಸಿಕೊಂಡ, ಯುದ್ಧದಲ್ಲಿ ಗಾಯಗೊಂಡು ಹೇಗೋ ಬದುಕಿ ಉಳಿದ ಮೇಲೆ ಎಲ್ಲ ಬಿಟ್ಟು ಕಾಗಿನೆಲೆಯ ಆದಿಕೇಶವನ ದಾಸನಾದ ಅನ್ನೋದು ಕಥೆ. ಗುರು ವ್ಯಾಸರಾಯರು ಅಂತ ಹರಿದಾಸ ಪರಂಪರೆ ಹೇಳುತ್ತೆ. 'ಮೋಹನತರಂಗಿಣಿ'ಯಲ್ಲಿ ರಾಮಾನುಜರ ಸ್ಮರಣೆ ಬರೋದರಿಂದ ಶ್ರೀವೈಷ್ಣವದ ನಂಟೂ ಇತ್ತು ಅಂತ ವಿದ್ವಾಂಸರು ವಾದ ಮಾಡ್ತಾರೆ. ಅದು ಅವರ ಜಗಳ. ನನಗೆ ಮುಖ್ಯ ಅನ್ನಿಸೋದು, ಇವರು ಬರೀ ತಂಬೂರಿ ಹಿಡಿದು ಹಾಡಿದ ದಾಸರಲ್ಲ ಅನ್ನೋದು. ಕೀರ್ತನೆಗಳ ಜೊತೆಗೆ ಸಾಂಗತ್ಯದಲ್ಲಿ 'ಮೋಹನತರಂಗಿಣಿ', ಭಾಮಿನಿ ಷಟ್ಪದಿಯಲ್ಲಿ 'ನಳಚರಿತ್ರೆ', 'ಹರಿಭಕ್ತಿಸಾರ' ಮತ್ತು ಈ 'ರಾಮಧಾನ್ಯ ಚರಿತೆ' ಬರೆದಿದ್ದಾರೆ. ಆಸ್ಥಾನ ಅಂದ್ರೇನು, ವಿಚಾರಣೆ ಅಂದ್ರೇನು, ಸೆರೆ ಅಂದ್ರೇನು ಅಂತ ಗೊತ್ತಿದ್ದ ಮನುಷ್ಯ. ಮೋಹನತರಂಗಿಣಿಯ ದ್ವಾರಕೆಯಲ್ಲಿ ವಿಜಯನಗರದ ಪೇಟೆ ಬೀದಿಗಳೇ ಕಾಣ್ತವೆ ಅಂತ ಎಲ್ಲರೂ ಬರೆದಿದ್ದಾರೆ. ರಾಮಧಾನ್ಯದಲ್ಲೂ ಆ ಕಣ್ಣು ಕೆಲಸ ಮಾಡಿದೆ.

ಇನ್ನು ಕಥೆ. ಕಾಡಿನಲ್ಲಿ ವನವಾಸ ಮಾಡ್ತಿರೋ ಧರ್ಮರಾಯನಿಗೆ ಶಾಂಡಿಲ್ಯ ಮುನಿ ಇದನ್ನ ಹೇಳ್ತಾರೆ. ರಾವಣನನ್ನ ಗೆದ್ದು ಅಯೋಧ್ಯೆಗೆ ವಾಪಸಾಗುವ ದಾರಿಯಲ್ಲಿ ರಾಮ ಋಷಿಗಳ ಆಶ್ರಮದಲ್ಲಿ ಇಳಿದುಕೊಂಡಿದ್ದಾನೆ. ಬಗೆಬಗೆಯ ಊಟ ಆಗಿದೆ. ಧಾನ್ಯಗಳಲ್ಲಿ ಯಾವುದು ಹೆಚ್ಚು ಅಂತ ಮಾತು ಬರುತ್ತೆ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗೌತಮರು, ನಮ್ಮ ಕಡೆಗೆ ನರೆದಲೆಗನೇ ಹೆಚ್ಚು ಅಂತಾರೆ. ನರೆದಲೆಗ ಅಂದರೆ ನಮ್ಮ ರಾಗಿ. ನರೆತ ತಲೆಯವನು ಅಂತ ಅರ್ಥ. ಬಲಿತ ರಾಗಿ ತೆನೆಯನ್ನ ಹೊಲದಲ್ಲಿ ನೋಡಿದವರಿಗೆ ಈ ಹೆಸರು ಎಷ್ಟು ಚೆನ್ನಾಗಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಅಲ್ಲೇ ಇದ್ದ ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ನೆತ್ತಿಗೇರುತ್ತೆ. ಜಗಳ ಶುರು. ಸಭೆಯಲ್ಲಿ ಬಗೆಹರಿಯಲ್ಲ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿ ಅಯೋಧ್ಯೆಗೆ ಹೋಗ್ತಾನೆ. ಅವಧಿ ಮುಗಿದ ಮೇಲೆ ದೇವತೆಗಳು ಋಷಿಗಳು ತುಂಬಿದ ಸಭೆಗೆ ಇಬ್ಬರನ್ನೂ ಕರೆಸಿದರೆ ಭತ್ತ ಕಳೆಗುಂದಿದೆ, ನರೆದಲೆಗ ಹೋದ ಹಾಗೇ ಬಂದಿದೆ. ರಾಮ ಮೆಚ್ಚಿ ತನ್ನ ರಾಘವ ಅನ್ನುವ ಹೆಸರನ್ನೇ ಅದಕ್ಕೆ ಕೊಡ್ತಾನೆ. ಅದೇ ರಾಗಿ ಆಯಿತು ಅಂತ ಕವಿಯ ಮಾತು. ನೂರೈವತ್ತರ ಆಸುಪಾಸು ಪದ್ಯ, ಅಷ್ಟೇ.

ಇದನ್ನ ಓದುವಾಗ ಮೊದಲು ಬರೋದು ನಗು. ನಮ್ಮ ಭಕ್ತಿಯ ಓದಿನಲ್ಲಿ ಇದೇ ಮೊದಲು ಕಳೆದುಹೋಗಿರೋದು. ಭಾಮಿನಿ ಷಟ್ಪದಿ ಅಂದರೆ ಕುಮಾರವ್ಯಾಸನ ಛಂದಸ್ಸು. ಕನ್ನಡದ ಕಿವಿಗೆ ಆ ಲಯ ಬಿದ್ದ ಕೂಡಲೇ ಭೀಮ, ದುಶ್ಶಾಸನ, ಕರ್ಣ ನೆನಪಾಗ್ತಾರೆ. ಊರಲ್ಲಿ ಗಮಕ ಕೇಳಿದವರಿಗೆ ಇದು ಗೊತ್ತು. ಅಂಥ ಲಯದಲ್ಲಿ ಎರಡು ಕಾಳು ಎದುರುಬದುರು ನಿಂತು ನಿನ್ನ ಯೋಗ್ಯತೆ ಎಷ್ಟು, ನಿನ್ನ ಹುಟ್ಟೇನು ಅಂತ ಕೂಗಾಡ್ತವೆ. ಯುದ್ಧಕ್ಕೆ ಮೊದಲು ವೀರರು ಬೈದಾಡುವ ಧಾಟಿಯೇ. ಆದರೆ ಬೈದಾಡ್ತಿರೋದು ಮುದ್ದೆ ಮತ್ತು ಅನ್ನ. ಬೇಕಂತಲೇ ಮಾಡಿದ ತಮಾಷೆ ಇದು. ದೊಡ್ಡವರು ತಮ್ಮ ದೊಡ್ಡಸ್ತಿಕೆಯನ್ನ ಹೇಳಿಕೊಳ್ಳುವ ಭಾಷೆಯನ್ನ ತಗೊಂಡು ಒಂದು ಕಾಳಿನ ಬಾಯಲ್ಲಿ ಇಟ್ಟರೆ ಅದು ಎಷ್ಟು ಪೊಳ್ಳು ಅಂತ ತಾನಾಗೇ ಕಾಣುತ್ತೆ. ಕವಿ ವ್ಯಾಖ್ಯಾನ ಮಾಡೋ ಅಗತ್ಯವೇ ಇಲ್ಲ.

ಭತ್ತದ ವಾದ ಏನು? ನಾನು ದೇವರ ನೈವೇದ್ಯಕ್ಕೆ ಬೇಕು, ಮದುವೆ ಮುಂಜಿಯ ಅಕ್ಷತೆಗೆ ಬೇಕು, ಬ್ರಾಹ್ಮಣರ ಊಟಕ್ಕೆ ಬೇಕು, ನೀನು ಶೂದ್ರರ ಊಟ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ ಅನ್ನೋದನ್ನ ಗಮನಿಸಿ. ಎಲ್ಲ ನಿಜವೇ. ಭತ್ತ ತನ್ನ ಗುಣದ ಬಗ್ಗೆ ಹೆಚ್ಚೇನೂ ಹೇಳಲ್ಲ, ತನ್ನನ್ನ ಎಲ್ಲೆಲ್ಲಿ ಕೂರಿಸ್ತಾರೆ ಅಂತ ಹೇಳುತ್ತೆ. ನನಗೆ ಯಾರ್ಯಾರು ಗೊತ್ತು ಅಂತ ಹೇಳಿಕೊಳ್ಳುವವರ ರೀತಿ. ಇನ್ನು ನರೆದಲೆಗನ ಉತ್ತರ ನೋಡಿ. ಇವತ್ತಿನ ನಾವಾಗಿದ್ದರೆ ಧಾನ್ಯ ಎಲ್ಲ ಒಂದೇ, ಮೇಲು ಕೀಳು ಇಲ್ಲ ಅಂತ ಹೇಳ್ತಿದ್ವಿ. ನರೆದಲೆಗ ಹಾಗೆ ಹೇಳಲ್ಲ. ಅದು ಭತ್ತದ ನಡತೆಯ ಮೇಲೆ ಕೈ ಇಡುತ್ತೆ. ನೀನು ದುಡ್ಡಿದ್ದವರ ಹಿಂದೆ ಓಡುವವನು, ಬಡವರ ಕಡೆ ತಿರುಗಿ ನೋಡದವನು. ಬಾಣಂತಿಗೆ, ರೋಗಿಗೆ ಪಥ್ಯ ನೀನು. ಹೆಣದ ಬಾಯಿಗೆ ಹಾಕೋದೂ ನಿನ್ನನ್ನೇ. ಮಳೆ ಹೋಗಿ ಬರ ಬಿದ್ದಾಗ ಜೀವ ಉಳಿಸಿದ್ದು ಯಾರು, ನಾನಾ ನೀನಾ?

ಹೆಣದ ಬಾಯಿಯ ಮಾತು ಸುಮ್ಮನೆ ಬೈಗುಳ ಅನ್ನಿಸಬಹುದು. ಅಲ್ಲ. ಭತ್ತ ತನ್ನ ಶುಭಕಾರ್ಯಗಳ ಪಟ್ಟಿ ಕೊಟ್ಟಿತ್ತಲ್ಲ, ನರೆದಲೆಗ ಅದೇ ಪಟ್ಟಿಯನ್ನ ಪೂರ್ತಿ ಮಾಡಿ ವಾಪಸ್ ಕೊಡ್ತಿದೆ. ಮದುವೆ ಮನೆಗೆ ಹೋಗುವ ಅಕ್ಕಿಯೇ ಸಾವಿನ ಮನೆಗೂ ಹೋಗುತ್ತೆ, ಅದನ್ನ ಯಾಕೆ ಮುಚ್ಚಿಟ್ಟೆ ಅಂತ. ಒಳ್ಳೆ ಲಾಯರ್ ಮಾಡುವ ಪಾಟೀಸವಾಲು ಇದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಇದೇ ರಾಗಿ ಸೀಮೆಯಲ್ಲಿ ಬೆಳೆದವನು ನಾನು. ಮೂರು ಹೊತ್ತು ರಾಗಿ ತಿಂದು ಬದುಕಿದ ನಮ್ಮವರೇ ಅಕ್ಕಿಯನ್ನ ಮೇಲೆ ಕೂರಿಸಿದ್ದರು. ಹಬ್ಬ ಬಂದರೆ ಅನ್ನ, ನೆಂಟರು ಬಂದರೆ ಅನ್ನ. "ಮನೇಲಿ ಅನ್ನ ಮಾಡಿದ್ದಾರೆ" ಅಂದರೆ ಏನೋ ವಿಶೇಷ ಅಂತಲೇ ಅರ್ಥ. ಬೆಂಗಳೂರಿಗೆ ಬಂದ ಹೊಸದರಲ್ಲಿ ಮಧ್ಯಾಹ್ನದ ಡಬ್ಬಿಯಲ್ಲಿ ಮುದ್ದೆ ತಂದವನನ್ನ ನೋಡಿ ನಕ್ಕವರಲ್ಲಿ ಅರ್ಧ ಜನ ಮುದ್ದೆ ಊರಿನವರೇ ಇದ್ದರು. ಹೀಗಾಗಿ ಭತ್ತದ ಅಹಂಕಾರ ಬರೀ ಭತ್ತದ್ದಲ್ಲ. ಅದನ್ನ ಉಬ್ಬಿಸಿ ಕೂರಿಸಿದವರಲ್ಲಿ ರಾಗಿ ತಿನ್ನುವವರೂ ಸೇರಿದ್ದಾರೆ. ಕನಕದಾಸರ ಊರಿನ ಕಡೆ ಇವತ್ತು ಜೋಳದ ರೊಟ್ಟಿಯೇ ಮುಖ್ಯ, ಮುದ್ದೆ ಅಲ್ಲ. ಹಾಗಿದ್ದೂ ಅವರು ರಾಗಿಯನ್ನ ಆರಿಸಿಕೊಂಡಿದ್ದಾರೆ. ಊರ ಅಭಿಮಾನದಿಂದ ಬರೆದದ್ದಾಗಿದ್ದರೆ ಜೋಳ ಗೆಲ್ಲಬೇಕಿತ್ತೇನೋ.

ಈಗ ಕಷ್ಟದ ಜಾಗಕ್ಕೆ ಬರೋಣ. ಬೈದದ್ದು ಭತ್ತ. ಬೈಸಿಕೊಂಡದ್ದು ನರೆದಲೆಗ. ಸೆರೆ ಇಬ್ಬರಿಗೂ! ಇದೆಂಥ ನ್ಯಾಯ? ಊರ ಪಂಚಾಯ್ತಿ ಕಂಡವರಿಗೆ ಈ ನ್ಯಾಯ ಹೊಸದಲ್ಲ. ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಒಟ್ಟಿಗೆ ನಿಲ್ಲಿಸಿ "ಇಬ್ಬರದ್ದೂ ತಪ್ಪೈತೆ ಬಿಡ್ರಪ್ಪ" ಅಂತ ಕಳಿಸೋದು. ಕಾವ್ಯದ ಮೇಲೆ ಯಾರಾದರೂ ಸಿಟ್ಟಾಗಬೇಕು ಅಂದರೆ ಇಲ್ಲಿ ಆಗಬೇಕು. ಅವಮಾನ ಪಟ್ಟವನೇ ತನ್ನ ಯೋಗ್ಯತೆ ತೋರಿಸೋಕೆ ಆರು ತಿಂಗಳು ಕತ್ತಲಲ್ಲಿ ಕೂರಬೇಕಾ?

ಈ ಪ್ರಶ್ನೆ ಇಟ್ಟುಕೊಂಡು ಕನಕದಾಸರ ಸುತ್ತ ಇರುವ ಕಥೆಗಳನ್ನ ಒಂದು ಸಲ ತಿರುಗಿ ನೋಡಿ. ಯಾರೂ ನೋಡದ ಕಡೆ ಹೋಗಿ ಬಾಳೆಹಣ್ಣು ತಿಂದು ಬನ್ನಿ ಅಂತ ಗುರುಗಳು ಕಳಿಸಿದ ಕಥೆ. ದೇವರು ನೋಡದ ಜಾಗವೇ ಸಿಗಲಿಲ್ಲ ಅಂತ ಕನಕ ಹಣ್ಣು ವಾಪಸ್ ತಂದ. ಮೋಕ್ಷಕ್ಕೆ ಯಾರು ಹೋಗ್ತಾರೆ ಅಂತ ಕೇಳಿದಾಗ 'ನಾನು' ಹೋದರೆ ಹೋದೇನು ಅಂದ ಕಥೆ. ಸಭೆ ಅಹಂಕಾರ ಅಂದುಕೊಂಡಿತು, ಆತ ಹೇಳಿದ್ದು ಅಹಂಕಾರ ಹೋದರೆ ಅಂತ. ಕಿಂಡಿಯ ಕಥೆ. ಮೂರೂ ಪರೀಕ್ಷೆಗಳೇ. ಮೂರರಲ್ಲೂ ಪರೀಕ್ಷೆಗೆ ಕೂತವರಲ್ಲಿ ಸಾಬೀತು ಮಾಡಬೇಕಾದ ಹೊರೆ ಇರೋದು ಒಬ್ಬನಿಗೇ. ಉಳಿದ ಶಿಷ್ಯರು ಹಣ್ಣು ತಿಂದು ಬಂದರಲ್ಲ, ಅವರು ಫೇಲಾದರು. ಆದರೆ ಫೇಲಾದ ಮೇಲೂ ಅವರು ಮಠದಲ್ಲೇ ಇದ್ದರು, ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ವ್ಯಾಸರಾಯರು ಕನಕನ ಮೇಲೆ ಪ್ರೀತಿ ತೋರಿಸಿದ್ದಕ್ಕೆ ಮಠದವರು ಗೊಣಗಿದರು ಅಂತ ಪುರಂದರದಾಸರ ಹೆಸರಿನಲ್ಲಿರುವ ಒಂದು ಕೀರ್ತನೆಯೇ ಇದೆ. ಒಬ್ಬ ದಾಸರು ಇನ್ನೊಬ್ಬ ದಾಸರ ಪರವಾಗಿ ದಾಖಲೆ ಮಾಡಿಟ್ಟ ಹಾಗೆ. ಪಾಸಾದವನಿಗೆ ಮತ್ತೆ ಇನ್ನೊಂದು ಪರೀಕ್ಷೆ, ಫೇಲಾದವರಿಗೆ ಪರೀಕ್ಷೆಯೇ ಲೆಕ್ಕಕ್ಕಿಲ್ಲ.

ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇಂಟರ್‌ವ್ಯೂ ಮಾಡಿದವರಿಗೆ, ಕೊಟ್ಟವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ರೆಸ್ಯೂಮೆಯಲ್ಲಿ ಕೆಲವು ಕಾಲೇಜಿನ ಹೆಸರು ಕಂಡ ಕೂಡಲೇ ಪ್ರಶ್ನೆಗಳು ಮೆತ್ತಗಾಗ್ತವೆ. ಯಾವುದೋ ತಾಲ್ಲೂಕಿನ ಕಾಲೇಜು ಅಂದರೆ ಎರಡು ರೌಂಡ್ ಜಾಸ್ತಿ.

ಈ ಹಿನ್ನೆಲೆಯಲ್ಲಿ ರಾಮ ಇಬ್ಬರನ್ನೂ ಸೆರೆಗೆ ಹಾಕಿದ್ದು ನನಗೆ ಬೇರೆ ಥರ ಕಾಣುತ್ತೆ. ನರೆದಲೆಗನಿಗೆ ಪರೀಕ್ಷೆ ಹೊಸದೇನಲ್ಲ. ಬರಗಾಲ, ಕೆಂಪು ನೆಲ, ಬಡವರ ಮನೆ, ಅದು ಬದುಕಿದ್ದೇ ಪರೀಕ್ಷೆಯಲ್ಲಿ. ಇಡೀ ಕಥೆಯಲ್ಲಿ ಹೊಸದಾಗಿ ಆಗಿರೋದು ಒಂದೇ: ಮೊಟ್ಟಮೊದಲ ಸಲ ಭತ್ತಕ್ಕೆ ಪರೀಕ್ಷೆ ಬಂದಿದೆ. ನೈವೇದ್ಯದ ತಟ್ಟೆ, ಮದುವೆಯ ಚಪ್ಪರ, ಪಂಕ್ತಿಯ ಎಲೆ ಯಾವುದೂ ಜೊತೆಗಿಲ್ಲದೆ, ಬರೀ ಕಾಳಾಗಿ, ಕತ್ತಲಲ್ಲಿ ಆರು ತಿಂಗಳು ಇರಬೇಕು. ನೀನು ಎಲ್ಲೆಲ್ಲಿ ಕೂತಿದ್ದೆ ಅಂತ ಯಾರೂ ಕೇಳಲ್ಲ, ನೀನು ಏನು ಅಂತ ಮಾತ್ರ ನೋಡ್ತಾರೆ. ಬೇರೆಯವರು ಹೇಳಿದ ಕನಕನ ಕಥೆಗಳಲ್ಲಿ ಈ ಒಂದು ಘಟನೆ ಎಲ್ಲೂ ಇಲ್ಲ. ಮಠದವರನ್ನ ಯಾರೂ ಹೊರಗೆ ನಿಲ್ಲಿಸಿ, ಈಗ ನಿಮಗಾಗಿ ಕೃಷ್ಣ ತಿರುಗ್ತಾನಾ ನೋಡೋಣ ಅನ್ನಲಿಲ್ಲ. ಪರೀಕ್ಷೆಗಳಲ್ಲೇ ಬದುಕಿದ ಮನುಷ್ಯ ತಾನೇ ಒಂದು ಪರೀಕ್ಷೆಯ ಕಥೆ ಬರೆದಾಗ ಮಾಡಿದ ಒಂದೇ ತಿದ್ದುಪಡಿ ಇದು. ಎದುರಿನವನೂ ಕೂರಲಿ.

ಇಲ್ಲಿ ಸಮಾನತೆ ಅನ್ನುವ ಪದವನ್ನ ಕಾವ್ಯದ ಮೇಲೆ ಹೇರೋದು ತಪ್ಪು ಅನ್ನಿಸುತ್ತೆ. ರಾಮ ಕೇಳೋದು ಯಾವುದು ಹೆಚ್ಚು ಅಂತ. ಮಾಧ್ವ ಸಿದ್ಧಾಂತದಲ್ಲಂತೂ ತಾರತಮ್ಯ ಒಂದು ಮೂಲ ತತ್ವ, ಜೀವ ಜೀವಕ್ಕೂ ಮೇಲು ಕೆಳಗು ಉಂಟು ಅಂತ. ಕಾವ್ಯ ಆ ಪ್ರಶ್ನೆಯನ್ನೇ ಒಪ್ಪಿಕೊಂಡು ನಡೆಯುತ್ತೆ. ಹೆಚ್ಚು ಕಡಿಮೆ ಇರಲಿ, ಆದರೆ ಅದನ್ನ ಅಳೆಯುವ ಕೋಲು ಯಾರ ಕೈಯಲ್ಲಿದೆ, ಆ ಕೋಲಿಗೆ ಯಾರ್ಯಾರು ಮೈ ಕೊಡಬೇಕು ಅಂತ ಕೇಳುತ್ತೆ. ಕೀರ್ತನೆಗಳಲ್ಲಿ ಕುಲದ ಮಾತನ್ನೇ ನೇರವಾಗಿ ತಳ್ಳಿಹಾಕುವ ಕನಕದಾಸರಿಗೂ ಇಲ್ಲಿನ ಕನಕದಾಸರಿಗೂ ಸ್ವಲ್ಪ ಅಂತರ ಇದೆ. ಆ ದನಿ ನೇರ, ಈ ದನಿ ಕಿಲಾಡಿ.

ಪರೀಕ್ಷೆಯ ವಿಷಯದಲ್ಲೂ ಕಿಲಾಡಿತನ ಇದೆ. ಕಾಳಿಗೆ ಸೆರೆ ಅಂದರೇನು? ಕಣಜ, ಹಗೇವು. ಹಳೇ ಮೈಸೂರು ಕಡೆ ಹಗೇವು ಅಂದರೆ ನೆಲದಲ್ಲಿ ಹೂಜಿಯ ಆಕಾರಕ್ಕೆ ತೋಡಿದ ಗುಂಡಿ. ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತುತ್ತಿದ್ದರು. ಒಳಗಿನ ಗಾಳಿಯನ್ನ ಕಾಳೇ ಉಸಿರಾಡಿ ಮುಗಿಸುತ್ತೆ, ಹುಳ ಇದ್ದರೆ ಸಾಯುತ್ತೆ. ಅದಕ್ಕೇ ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಟ್ಟು, ದೀಪ ಇಳಿಸಿ, ಆರದಿದ್ದರೆ ಮನುಷ್ಯ ಇಳಿಯೋದು. ಹಾಗೆ ವರ್ಷಗಟ್ಟಲೆ ರಾಗಿ ಕೆಡದೆ ಇರುತ್ತಿತ್ತು. ಅಂದರೆ ರಾಮ ನರೆದಲೆಗನಿಗೆ ಕೊಟ್ಟ ಶಿಕ್ಷೆ ಅದರ ತವರುಮನೆ! ಆರು ತಿಂಗಳು ಅದಕ್ಕೆ ಯಾವ ಲೆಕ್ಕ.

ಭತ್ತದ ಪರವಾಗಿ ಒಂದು ಆಕ್ಷೇಪ ಎತ್ತಬೇಕು, ಯಾಕಂದ್ರೆ ಯಾರೂ ಎತ್ತಲ್ಲ. ಹೊಟ್ಟಿನ ಸಮೇತ ಇರೋ ಭತ್ತ ಆರು ತಿಂಗಳಿಗೆ ಕೆಡೋದಿಲ್ಲ. ಹುಳ ಬೀಳೋದು ಮಿಲ್ ಆದ ಅಕ್ಕಿಗೆ. ಅಷ್ಟೇ ಅಲ್ಲ, ಅಂಗಡಿಯಲ್ಲಿ ಹಳೇ ಅಕ್ಕಿಗೇ ರೇಟು ಜಾಸ್ತಿ, ಅನ್ನ ಉದುರುದುರಾಗಿ ಆಗುತ್ತೆ ಅಂತ. ನಾಯಕನಾಗಿ ಉಗ್ರಾಣ ಕಂಡ ಕನಕದಾಸರಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬಲ್ಲ. ಗೊತ್ತಿದ್ದೂ ಪಕ್ಷಪಾತ ಮಾಡಿದ್ದಾರೆ. ದೇವರ ಮುಂದಿನ ತಟ್ಟೆ ಪರೀಕ್ಷೆಯ ಜಾಗವಾಗಿದ್ದಾಗ ಅದೂ ಪಕ್ಷಪಾತವೇ ಆಗಿತ್ತು. ಯಾವ ಪರೀಕ್ಷೆಯೂ ಯಾರದ್ದೋ ಒಬ್ಬರ ಮನೆಯಂಗಳದಲ್ಲೇ ನಡೆಯೋದು. ಈ ಸಲ ನರೆದಲೆಗನ ಅಂಗಳದಲ್ಲಿ ಆಯಿತು.

ಕಥೆ ಕೇಳ್ತಿರೋದು ಯಾರು ಅನ್ನೋದನ್ನೂ ಮರೀಬಾರದು. ರಾಜ್ಯ ಕಳಕೊಂಡು ಕಾಡಲ್ಲಿ ದಿನ ಎಣಿಸ್ತಿರೋ ಧರ್ಮರಾಯ. ಅವನೂ ಒಂದು ಅವಧಿ ಮುಗಿಯಲಿ ಅಂತ ಕಾಯ್ತಿದ್ದಾನೆ. ಕತ್ತಲಲ್ಲಿ ಕೆಡದೆ ಇದ್ದವನು ಗೆಲ್ತಾನೆ ಅನ್ನುವ ಕಥೆಯನ್ನ ಅವನಿಗೆ ಹೇಳಿಸಿದ್ದಾರೆ. ಭಾರತದ ಚೌಕಟ್ಟು ಸುಮ್ಮನೆ ಅಲಂಕಾರಕ್ಕೆ ಬಂದದ್ದಲ್ಲ.

ಉಡುಪಿಯ ಕಿಂಡಿಗೂ ಈ ಸೆರೆಗೂ ಇರುವ ವ್ಯತ್ಯಾಸ ಇಲ್ಲೇ. ಅಲ್ಲಿ ಕೃಷ್ಣ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದಾನೆ, ಕನಕನಿಗಾಗಿ ತಿರುಗಿದ ಅಂತ ಭಕ್ತರ ನಂಬಿಕೆ. ವಾದಿರಾಜರು ಕನಕನ ಪರವಾಗಿದ್ದರು ಅಂತಲೂ ಪ್ರತೀತಿ. ಇತಿಹಾಸ ಏನಾದರೂ ಇರಲಿ, ಕಥೆಯಾಗಿ ನೋಡಿದರೆ ಅದರಲ್ಲಿ ದೇವರು ತಿರುಗಿದ, ಗೋಡೆ ಬಿರಿಯಿತು, ಬಾಗಿಲು ಮಾತ್ರ ಇದ್ದ ಹಾಗೇ ಇತ್ತು. ಕನಕ ಹೊರಗೇ ಇದ್ದ. ಕಿಂಡಿ ಅನ್ನೋದು ಒಂದು ಏರ್ಪಾಡು: ನೀನು ಅಲ್ಲೇ ಇರು, ಕಾಣೋದಕ್ಕೆ ಅನುಕೂಲ ಮಾಡಿದೀವಿ. ಕೃಷ್ಣನ ಕರುಣೆ ದೊಡ್ಡದು, ಅದರ ಬಗ್ಗೆ ಎರಡು ಮಾತಿಲ್ಲ. ಆದರೆ ಬಾಗಿಲು ಕಾದವರು ಆ ಕಥೆಯಲ್ಲಿ ಏನೂ ಕಳಕೊಳ್ಳಲ್ಲ, ಒಂದು ದಿನ ಕೂಡ ಹೊರಗೆ ನಿಲ್ಲಲ್ಲ. ಅದಕ್ಕೇ ಆ ಕಥೆ ಎಲ್ಲರಿಗೂ ಇಷ್ಟ. ಜಯಂತಿಯ ವೇದಿಕೆಯಲ್ಲಿ ಯಾವ ಪಕ್ಷದವರು ಬೇಕಾದರೂ, ಯಾವ ಮಠದವರು ಬೇಕಾದರೂ ಆರಾಮಾಗಿ ಹೇಳಬಹುದು. ರಾಮಧಾನ್ಯವನ್ನ ಹಾಗೆ ಆರಾಮಾಗಿ ಹೇಳಬೇಕಾದರೆ ಎರಡು ಸಾಲಿಗೆ ಇಳಿಸಬೇಕು. ಇಳಿಸಿದ್ದೀವಿ.

ಇಷ್ಟು ಹೊಗಳಿದ ಮೇಲೆ ಕಾವ್ಯದ ಕೊನೆಯಲ್ಲಿ ನನಗೆ ಚುಚ್ಚುವ ಜಾಗ ಯಾವುದು ಅಂತಲೂ ಹೇಳ್ತೀನಿ. ಹೆಸರು. ಗೆದ್ದವನಿಗೆ ರಾಮ ತನ್ನ ಹೆಸರು ಕೊಟ್ಟ, ಸರಿ. ರಾಜನೇ ತನ್ನ ಹೆಸರು ಹಂಚಿಕೊಳ್ಳೋದು ಸಣ್ಣ ಮಾತಲ್ಲ. ಇನ್ಮೇಲೆ ರಾಗಿಯನ್ನ ಬೈದರೆ ರಾಘವನನ್ನೇ ಬೈದ ಹಾಗೆ, ಅದು ಒಂಥರಾ ರಕ್ಷಣೆ. ಆದರೆ ಗೆದ್ದದ್ದು ನರೆದಲೆಗ. ಬರದಲ್ಲಿ ಜನರನ್ನ ಸಾಕಿದ್ದು, ಸಭೆಯಲ್ಲಿ ಎದುರು ಮಾತಾಡಿದ್ದು, ಕತ್ತಲಲ್ಲಿ ಕೂತಿದ್ದು ಆ ಹೆಸರಿನವನು. ಮರ್ಯಾದೆ ಬಂದಾಗ ಆ ಹೆಸರೇ ಇಲ್ಲ. ಗೆಲ್ಲೋವರೆಗೂ ನಿನ್ನ ಹೆಸರು, ಗೆದ್ದ ಮೇಲೆ ನಮ್ಮ ಹೆಸರು. ಊರಿನ ಹೆಸರು, ಅಜ್ಜನ ಹೆಸರು ಬಿಟ್ಟು ಪಟ್ಟಣಕ್ಕೆ ಒಗ್ಗುವ ಹೆಸರು ಇಟ್ಟುಕೊಂಡವರು ನಮ್ಮ ನಡುವೆ ಎಷ್ಟು ಜನ ಇಲ್ಲ. ಮಕ್ಕಳಿಗೆ ಬೀರಪ್ಪ ಅಂತ ಈಗ ಯಾರು ಹೆಸರಿಡ್ತಾರೆ?

ಕನಕದಾಸರಿಗೆ ಇದು ಹೊಳೆದಿರಲಿಲ್ಲವಾ? ತಿಮ್ಮಪ್ಪ ಕನಕನಾಯಕನಾಗಿ, ಕನಕನಾಯಕ ಕನಕದಾಸನಾದ ಮನುಷ್ಯನಿಗೆ ಹೆಸರು ಬದಲಾಗೋದು ಅಂದರೆ ಏನು ಅಂತ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಭಕ್ತನಿಗೆ ದೇವರ ಹೆಸರು ಹೊರೋದು ಸಂತೋಷವೇ ಹೊರತು ನಷ್ಟ ಅಲ್ಲ ಅನ್ನಬಹುದು. ಹರಿದಾಸರ ಕಣ್ಣಿಂದ ನೋಡಿದರೆ ಅದೇ ಸರಿ. ನಾನು ಆ ಕಣ್ಣನ್ನ ಗೌರವಿಸ್ತೀನಿ, ಆದರೆ ನನ್ನ ಕಸಿವಿಸಿ ಅದರಿಂದ ಪೂರ್ತಿ ಹೋಗಲ್ಲ. ಒಂದು ಸಮಾಧಾನ ಇದೆ. ರಾಘವನಿಂದ ರಾಗಿ ಬಂತು ಅನ್ನೋದು ಕವಿಯ ಚಮತ್ಕಾರ, ಭಾಷಾಶಾಸ್ತ್ರ ಅಲ್ಲ. ಆಫ್ರಿಕಾದ ಎತ್ತರದ ಸೀಮೆಯಲ್ಲಿ ಮೊದಲು ಪಳಗಿಸಿದ ಬೆಳೆ ಇದು, ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂದು ನಮ್ಮದಾಯಿತು. ಚಮತ್ಕಾರವನ್ನ ಒಪ್ಪಿಕೊಂಡರೂ, ಇವತ್ತು ರಾಗಿ ಬೀಸುವವರು, ಮುದ್ದೆ ಕಟ್ಟುವವರು ಯಾರೂ ಆ ಹೆಸರಿನಲ್ಲಿ ರಾಘವನನ್ನ ಕೇಳಿಸಿಕೊಳ್ಳಲ್ಲ. ರಾಮ ಕೊಟ್ಟ ಹೆಸರನ್ನ ಹೊಲದವರು ಸವೆಸಿ ತಮ್ಮ ಬಾಯಿಗೆ ಹೊಂದಿಸಿಕೊಂಡುಬಿಟ್ಟರು.

ಸೋತ ಭತ್ತವನ್ನ ರಾಮ ಏನು ಮಾಡಿದ ಅಂತ ಎರಡು ಸಾಲಿನ ಕಥೆಯಲ್ಲಿ ಬರಲ್ಲ. ಅವನು ಅದನ್ನ ಓಡಿಸಲಿಲ್ಲ. ಹತ್ತಿರ ಕರೆದು ಸಮಾಧಾನ ಹೇಳಿದ, ಇಬ್ಬರೂ ಹೊಂದಿಕೊಂಡು ಇರಿ ಅಂದ. ಸಿನಿಮಾದಲ್ಲಾಗಿದ್ದರೆ ಖಳನಾಯಕನ ಗರ್ವಭಂಗಕ್ಕೆ ಹಿನ್ನೆಲೆ ಸಂಗೀತ ಜೋರಾಗಬೇಕಿತ್ತು. ಕನಕದಾಸರು ಅಲ್ಲಿ ದನಿ ತಗ್ಗಿಸಿದ್ದಾರೆ. ಕತ್ತಿ ಹಿಡಿದು ಗೆದ್ದು ಸೋತವರು ಬರೆದ ಮುಕ್ತಾಯ ಅನ್ನಿಸುತ್ತೆ.

2023ನ್ನ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದರು. ಬೆಂಗಳೂರಿನ ಮಾಲ್‌ಗಳಲ್ಲಿ ರಾಗಿ ಕುಕ್ಕೀಸು, ರಾಗಿ ಚಿಪ್ಸು, ರಾಗಿ ದೋಸೆ ಮಿಕ್ಸು ಬಂತು. ಮುದ್ದೆ ನೋಡಿ ನಕ್ಕವರೇ ಈಗ ಶುಗರ್ ರಿಪೋರ್ಟ್ ಹಿಡಕೊಂಡು ಮುದ್ದೆ ಮಾಡೋದು ಹೇಗೆ ಅಂತ ಯೂಟ್ಯೂಬ್ ನೋಡ್ತಾರೆ. ಒಳ್ಳೇದೇ. ರಾಗಿ ಬೆಳೆದವರಿಗೆ ನಾಲ್ಕು ಕಾಸು ಸಿಗಲಿ. ಆದರೆ ಕ್ಯಾಲ್ಸಿಯಂ ಇಷ್ಟು, ನಾರು ಇಷ್ಟು ಅಂತ ಲ್ಯಾಬಿನ ಸರ್ಟಿಫಿಕೇಟ್ ಬರೋವರೆಗೂ ಇವರಿಗೆ ಅದು ಕಾಣಲಿಲ್ಲವಲ್ಲ. ಮತ್ತೊಂದು ಸಲ ಸೆರೆಗೆ ಹೋಗಿ ಬಂತು ರಾಗಿ, ಈ ಸಲ ಒಂದೇ.

ಓದದವರು ಓದಿ. ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತೆ, ಕಷ್ಟದ ಪದಗಳಿಗೆ ಅರ್ಥ ಕೊಟ್ಟಿರುವ ಮುದ್ರಣ ಸಿಕ್ಕರೆ ಇನ್ನೂ ಒಳ್ಳೆಯದು. ಮನಸ್ಸಿನಲ್ಲಿ ಓದಬೇಡಿ, ಗಟ್ಟಿಯಾಗಿ ಓದಿ, ಷಟ್ಪದಿ ಇರೋದೇ ಬಾಯಿಗೆ. ಸ್ತುತಿಯ ಪದ್ಯಗಳಲ್ಲಿ ಸಿಕ್ಕಿಹಾಕಿಕೊಂಡು ಪುಸ್ತಕ ಮುಚ್ಚಿಡುವ ಬದಲು ನೇರವಾಗಿ ಜಗಳದಿಂದ ಶುರು ಮಾಡಿ, ಮೊದಲಿನದಕ್ಕೆ ಆಮೇಲೆ ಬರಬಹುದು.